ನಿಮ್ಮ ಸರ್ವರ್ ರೂಮಿನ ಗೇಣಿಚೀಟಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಆಸುಪಾಸಿನ ಕಾಲೇಜು, ಆಸ್ಪತ್ರೆ ಹಾಗೂ ಸಹಕಾರಿ ಸಂಘಗಳ ಆಡಳಿತ ಮಂಡಳಿಗಳ ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ,



ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ಪರಿಚಯ ಇದ್ದೀತು. ನೆಟ್ ಹೋದಾಗ, ಪ್ರಿಂಟರ್ ನಿಂತಾಗ, ಬಯೋಮೆಟ್ರಿಕ್ ಮುಷ್ಕರ ಹೂಡಿದಾಗ ನಿಮ್ಮ ಕುರ್ಚಿಯ ಹಿಂದೆ ಬಂದು ನಿಲ್ಲುವವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಸರ್ವರ್ ರೂಮುಗಳ ಏಸಿ ಗಾಳಿಯಲ್ಲಿ ಕೂತವನು. ನಿಮ್ಮ ಮೀಟಿಂಗಿಗೆ ನಮ್ಮಂಥವರನ್ನು ಕರೆಯುವ ಕ್ರಮ ಇಲ್ಲ. ಕರೆದರೂ ಪ್ರೊಜೆಕ್ಟರ್ ಜೋಡಿಸಿ ಹೊರಗೆ ಹೋಗಲಿಕ್ಕೆ. ಅದಕ್ಕೇ ಹೇಳಬೇಕಾದ್ದನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಬೇಸರಿಸಬೇಡಿ.

ಒಂದು ರಾತ್ರಿಯ ಕತೆಯಿಂದ ಶುರು ಮಾಡುತ್ತೇನೆ. ನಮ್ಮ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರ ಉಂಟು. ಅದರ ಚಿಮಣಿಯ ಕೆಂಪು ದೀಪ ನಮ್ಮನೆ ಅಂಗಳಕ್ಕೆ ಕಾಣುತ್ತದೆ. ಆದರೂ ಮೇ ತಿಂಗಳ ಮೊದಲ ಗುಡುಗಿಗೆ ಊರಲ್ಲಿ ಮೊದಲು ಹೋಗುವುದು ಕರೆಂಟೇ. ಅಂಥದೇ ಒಂದು ರಾತ್ರಿ, ಹನ್ನೊಂದರ ಮೇಲೆ ಫೋನು ಬಂತು. ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆಯ ರಾತ್ರಿ ಪಾಳಿಯ ಹುಡುಗ.

"ಸಾರ್, ಸಿಡಿಲಿಗೆ ಒಂದು ಯುಪಿಎಸ್ ಹೋಯ್ತು. ಎರಡನೇ ಹೋಸ್ಟ್ ಆಫ್."

"ವಿಎಂಗಳು?"

"ಎಲ್ಲ ಮೂರನೇ ಹೋಸ್ಟಿಗೆ ಹೋಗಿ ಕೂತಿವೆ ಸಾರ್. ಎರಡು ಮೂರು ನಿಮಿಷ ಅಷ್ಟೇ ನಿಂತದ್ದು. ಯಾರಿಗೂ ಗೊತ್ತೇ ಆಗಲಿಲ್ಲ."

ನಾನು ಖುಷಿಯಲ್ಲಿ ಮಲಗಿದೆ. ಮರುದಿನ ಮ್ಯಾನೇಜ್‌ಮೆಂಟಿನವರು ಬೆನ್ನು ತಟ್ಟಿದರು. ಅಷ್ಟು ಹಣ ಹಾಕಿ ಕ್ಲಸ್ಟರ್ ಕಟ್ಟಿದ್ದು ಸಾರ್ಥಕ ಆಯ್ತು ಅಂದರು. ಅದೇ ಎರಡು ಮೂರು ನಿಮಿಷಗಳಲ್ಲಿ ನಮ್ಮ ಸಂಸ್ಥೆ ತಾನು ಸಹಿ ಹಾಕಿದ ಲೈಸೆನ್ಸ್ ಕರಾರನ್ನು ಮುರಿದಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕ್ಲಸ್ಟರ್ ಶುರುವಾದ ದಿನದಿಂದಲೇ ಮುರಿದೇ ಇತ್ತು.

ವಿಎಂ ಅಂದರೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮೊದಲು ಒಂದು ಕೆಲಸಕ್ಕೆ ಒಂದು ಸರ್ವರ್ ಇತ್ತು: ಫೀಸಿಗೆ ಒಂದು, ಲೈಬ್ರರಿಗೆ ಒಂದು, ಹಾಜರಿಗೆ ಒಂದು. ಈಗ ಎರಡು ಮೂರು ದೊಡ್ಡ ಸರ್ವರ್ ತಂದು, ಒಂದೊಂದರ ಹೊಟ್ಟೆಯಲ್ಲಿ ಹತ್ತಾರು ಸರ್ವರುಗಳನ್ನು ಬರೀ ಸಾಫ್ಟ್‌ವೇರಿನಲ್ಲೇ ಹುಟ್ಟಿಸುತ್ತೇವೆ. ಕಬ್ಬಿಣದ್ದು ಹೋಸ್ಟ್, ಅದರೊಳಗೆ ಹುಟ್ಟಿದ್ದು ವಿಎಂ. ಹೋಸ್ಟುಗಳೆಲ್ಲ ಒಟ್ಟಾಗಿ ಒಂದಕ್ಕೊಂದು ಹೆಗಲು ಕೊಟ್ಟರೆ ಅದು ಕ್ಲಸ್ಟರ್. ಒಂದು ಬಿದ್ದರೆ ಅದರ ವಿಎಂಗಳು ಇನ್ನೊಂದರಲ್ಲಿ ತಾವಾಗಿ ಏಳುತ್ತವೆ.

ತೊಡಕು ಇರುವುದು ಈ "ತಾವಾಗಿ" ಎಂಬಲ್ಲಿ. ನೀವು ಹಣ ಕೊಟ್ಟು ತಂದ ವಿಂಡೋಸ್ ಸರ್ವರಿನ ಲೈಸೆನ್ಸ್ ಸಾಮಾನ್ಯವಾಗಿ ವಿಎಂನ ಬೆನ್ನಿಗೆ ಅಂಟಿಕೊಂಡು ಊರೂರು ತಿರುಗುವುದಿಲ್ಲ. ಅದು ಕಬ್ಬಿಣದ ಪೆಟ್ಟಿಗೆಗೆ ಅಂಟಿದ್ದು. ಬಯಲಾಟದ ಮೇಳ ಇವತ್ತು ಪಡುಬಿದ್ರಿ, ನಾಳೆ ಶಿರ್ವ. ಮೈಕಿನ ಪರವಾನಗಿ ಮಾತ್ರ ಆಟ ಆಡುವ ಜಾಗಕ್ಕೆ. ಪಡುಬಿದ್ರಿಯ ಚೀಟಿ ತೋರಿಸಿ ಶಿರ್ವದಲ್ಲಿ ಚೆಂಡೆ ಬಾರಿಸಲಾಗದು. ಇಲ್ಲೂ ಹಾಗೆಯೇ. ವಿಎಂ ಯಾವ ಯಾವ ಹೋಸ್ಟಿಗೆ ಹೋಗಬಹುದೋ ಆ ಹೋಸ್ಟುಗಳಲ್ಲೆಲ್ಲ ಅದಕ್ಕೆ ಮುಂಚಿತವಾಗಿಯೇ ಲೈಸೆನ್ಸ್ ಇರಬೇಕು. ಒಂದು ಹೋಸ್ಟಿನ ಲೈಸೆನ್ಸನ್ನು ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶ ಇದೆ, ಆದರೆ 90 ದಿನಕ್ಕೊಮ್ಮೆ ಮಾತ್ರ. ಯಂತ್ರ ಪೂರ್ತಿ ಸತ್ತುಹೋದರೆ ಮಾತ್ರ ವಿನಾಯಿತಿ. ಸಿಡಿಲಿಗೆ ಯುಪಿಎಸ್ ಸುಟ್ಟು, ಮಾರನೇ ದಿನ ಹೋಸ್ಟ್ ಮತ್ತೆ ಎದ್ದು ಕೂತರೆ ಅದು ಸಾವಿನ ಲೆಕ್ಕಕ್ಕೆ ಬರುವುದಿಲ್ಲ.

ಕೆಲವು ತಿಂಗಳ ನಂತರ ಸಾಫ್ಟ್‌ವೇರ್ ಕಂಪನಿಯ ಕಡೆಯಿಂದ ಸಂಸ್ಥೆಗೆ ಒಂದು ಕಾಗದ ಬಂತು. ಬಹಳ ಮರ್ಯಾದೆಯ ಭಾಷೆ: ನಿಮ್ಮಲ್ಲಿರುವ ಸಾಫ್ಟ್‌ವೇರುಗಳ ಲೆಕ್ಕ ಕೊಡಿ ಅಂತ. ಹಾಳೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಆಕ್ಟಿವೇಟ್ ಆಗಿದೆ, ಎಂತದೂ ತೊಂದರೆ ಇಲ್ಲ ಎಂದು ಕಾರ್ಯದರ್ಶಿಗಳಿಗೆ ಧೈರ್ಯ ಹೇಳಿ ಖರೀದಿ ಫೈಲು ತೆಗೆಸಿದೆ. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್, 3 ನಂಬರ್. ಮೂರು ಸರ್ವರ್, ಮೂರು ಲೈಸೆನ್ಸ್. ಡೀಲರ್ ಕೊಟೇಶನ್ ಹಾಗೇ ಕೊಟ್ಟಿದ್ದ, ನಾನು ಹಾಗೇ ಶಿಫಾರಸು ಮಾಡಿದ್ದೆ, ಮಂಡಳಿ ಹಾಗೇ ಪಾಸು ಮಾಡಿತ್ತು. ಮೇಲಿನಿಂದ ಕೆಳಗಿನವರೆಗೆ ಒಬ್ಬರೂ ಕಳ್ಳರಲ್ಲ. ಆದರೂ ಲೆಕ್ಕ ತಪ್ಪಿತ್ತು, ಅದರಲ್ಲಿ ನನ್ನ ಪಾಲು ದೊಡ್ಡದು.

ಎಷ್ಟು ತಪ್ಪಿತ್ತು ಎಂದು ಬಿಡಿಸಿ ಹೇಳುತ್ತೇನೆ. ಒಂದು ಕಾಗದ ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

2016ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ವಿಂಡೋಸ್ ಸರ್ವರನ್ನು ಪ್ರೊಸೆಸರ್ ಲೆಕ್ಕದಲ್ಲಿ ಮಾರುವುದು ಬಿಟ್ಟು ಅದರೊಳಗೆ ಕೆಲಸ ಮಾಡುವ ಕೋರುಗಳ ಲೆಕ್ಕಕ್ಕೆ ಬಂತು. ಪ್ರೊಸೆಸರಿಗೆ ಕನಿಷ್ಠ 8, ಸರ್ವರಿಗೆ ಕನಿಷ್ಠ 16 ಕೋರ್. ಅದಕ್ಕಿಂತ ಹೆಚ್ಚಿದ್ದರೆ ಇದ್ದಷ್ಟೂ ಕೋರಿಗೆ ಹಣ ಕೊಡಬೇಕು. ನಮ್ಮ ಒಂದೊಂದು ಹೋಸ್ಟಿನಲ್ಲಿ ಎರಡು ಪ್ರೊಸೆಸರ್, ಒಂದೊಂದರಲ್ಲಿ 16 ಕೋರ್, ಒಟ್ಟು 32. ಡೀಲರ್ ಕೊಟ್ಟಿದ್ದ ಒಂದು "ನಂಬರ್" ಅಂದರೆ 16 ಕೋರಿನ ಒಂದು ಪ್ಯಾಕ್. ಅಲ್ಲಿಗೇ ಅರ್ಧ ಸರ್ವರ್ ಬರಿಮೈಯಲ್ಲಿ ನಿಂತಿತು.

ಮುಂದಿನದು ಇನ್ನೂ ಬಿಗಿ. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಒಂದು ಹೋಸ್ಟಿನ ಎಲ್ಲ ಕೋರುಗಳಿಗೂ ಒಂದು ಸುತ್ತು ಲೈಸೆನ್ಸ್ ಹಾಕಿದರೆ ಸಿಗುವುದು ಎರಡು ವಿಂಡೋಸ್ ವಿಎಂಗಳ ಹಕ್ಕು. ಇನ್ನೆರಡು ಬೇಕೆಂದರೆ ಎಲ್ಲ 32 ಕೋರಿಗೂ ಮತ್ತೊಂದು ಸುತ್ತು. ನಮ್ಮಲ್ಲಿ ವಿಂಡೋಸ್ ವಿಎಂಗಳು 14. ಅವು ಯಾವಾಗ ಬೇಕಾದರೂ ಯಾವ ಹೋಸ್ಟಿಗಾದರೂ ಹಾರಬಹುದಾಗಿದ್ದರಿಂದ, ಪ್ರತಿ ಹೋಸ್ಟೂ 14ಕ್ಕೂ ಸಿದ್ಧವಾಗಿರಬೇಕು. ಏಳು ಸುತ್ತು, ಅಂದರೆ ಹೋಸ್ಟಿಗೆ 224 ಕೋರ್, ಮೂರಕ್ಕೆ 672. ನಮ್ಮ ಕೈಯಲ್ಲಿದ್ದದ್ದು 48.

ಆ ಸಂಖ್ಯೆಯನ್ನು ಎಕ್ಸೆಲ್ ಹಾಳೆಯಲ್ಲಿ ನೋಡಿದಾಗ ಫಾರ್ಮುಲಾ ತಪ್ಪಿರಬೇಕೆಂದು ಮೂರು ಸಲ ಅಳಿಸಿ ಬರೆದೆ. ಆಮೇಲೆ ಹೊರಗೆ ಹೋಗಿ ಒಂದು ಚಾ ಕುಡಿದು ಬಂದೆ. ಬಂದ ಮೇಲೂ 672ರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

ಡೇಟಾಸೆಂಟರ್ ಎಂಬ ದೊಡ್ಡ ಆವೃತ್ತಿ ತೆಗೆದುಕೊಂಡರೆ ಹೋಸ್ಟಿನ ಕೋರುಗಳಿಗೆ ಒಂದೇ ಸುತ್ತು ಸಾಕು, ವಿಎಂ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ನಮಗೆ ಆಗ 96 ಕೋರ್. ಆದರೆ ಅದರ ಪಟ್ಟಿ ಬೆಲೆ ಸ್ಟ್ಯಾಂಡರ್ಡಿನ ಆರು ಪಟ್ಟಿಗೆ ಹತ್ತಿರ. ಒಂದು ಹೋಸ್ಟಿನಲ್ಲಿ ವಿಂಡೋಸ್ ವಿಎಂ ಹತ್ತು ದಾಟಿದರೆ ಡೇಟಾಸೆಂಟರ್ ಅಗ್ಗ, ಹತ್ತರವರೆಗೆ ಸ್ಟ್ಯಾಂಡರ್ಡ್ ಅಗ್ಗ. ಈ ಒಂದು ವಾಕ್ಯ ಗೊತ್ತಿಲ್ಲದೆ ಈ ಜಿಲ್ಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟವರನ್ನೂ ನೋಡಿದ್ದೇನೆ, ಕೊಡಬೇಕಾದ್ದನ್ನು ಕೊಡದೆ ನಿಶ್ಚಿಂತೆಯಿಂದ ಇದ್ದವರನ್ನೂ ನೋಡಿದ್ದೇನೆ.

"ಆಕ್ಟಿವೇಟ್ ಆಗಿದೆಯಲ್ಲ ಮಾರಾಯ್ರೇ, ಮತ್ತೆಂತ?" ಎಂದು ನಿಮ್ಮ ಕಡೆಯಿಂದ ಬರುವ ಪ್ರಶ್ನೆ ನನಗೆ ಗೊತ್ತು. ನಾನೂ ಅದನ್ನೇ ಹೇಳಿದವನು. ಕೀ ಹಾಕಿದಾಗ ಪರದೆಯ ಮೇಲೆ ಆಕ್ಟಿವೇಟೆಡ್ ಎಂದು ಬಂದರೆ ಕೀ ಸುಳ್ಳಲ್ಲ ಎಂದಷ್ಟೇ ಅರ್ಥ. ಎಷ್ಟು ಕೋರಿಗೆ ಹಣ ಕಟ್ಟಿದ್ದೀರಿ ಎಂದು ಅದು ನೋಡುವುದಿಲ್ಲ, ವಿಎಂ ಎಲ್ಲಿಗೆ ಹಾರಿತು ಎಂದು ಬೆನ್ನಟ್ಟುವುದಿಲ್ಲ. ಅದರ ಲೆಕ್ಕ ಇಡುವ ಹೊಣೆ ಪೂರ್ತಿ ನಮ್ಮದು.

ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದು ಅರ್ಥವಾಗದ ಸಂಗತಿ ಆಗಬಾರದು. ನಿಮ್ಮಲ್ಲಿ ಹಿರಿಯರಿಗೆ ಗೇಣಿಯ ಕಾಲ ನೆನಪಿದ್ದೀತು. ಗದ್ದೆಯಲ್ಲಿ ಬೆವರು ನಮ್ಮದು, ಗದ್ದೆ ಧಣಿಯದ್ದು. ಮೂಲಗೇಣಿಯಾದರೆ ವಂಶಪಾರಂಪರ್ಯವಾಗಿ ಏಳಿಸುವವರಿಲ್ಲ, ಚಾಲಗೇಣಿಯಾದರೆ ವರ್ಷ ವರ್ಷವೂ ಧಣಿಯ ಮುಖ ನೋಡಬೇಕು. ನನ್ನ ಅಜ್ಜ ಚಾಲಗೇಣಿಯವರು. ಅಕ್ಕಿ ಮುಡಿ ಅಳೆದು ಕೊಟ್ಟ ಪ್ರತಿ ಸಲ ಸಿಕ್ಕಿದ ಚೀಟಿಯನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಮಡಚಿ ಇಡುತ್ತಿದ್ದರು. ಓದಲು ಬಾರದಿದ್ದರೂ ಯಾವ ಚೀಟಿ ಯಾವ ಬೆಳೆಯದ್ದು ಎಂದು ಮಡಿಕೆ ನೋಡಿ ಹೇಳುತ್ತಿದ್ದರಂತೆ. 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಡಿ ಎಂದಾಗ ಆ ಪೆಟ್ಟಿಗೆ ಭೂನ್ಯಾಯ ಮಂಡಳಿಯ ಮೇಜಿನ ಮೇಲೆ ಮಾತಾಡಿತು. ಪಕ್ಕದ ಮನೆಯವರು ಅಷ್ಟೇ ವರ್ಷ ಉತ್ತಿದ್ದರೂ ಚೀಟಿ ಇಲ್ಲದೆ ಸಾಕ್ಷಿಗಾಗಿ ಮನೆ ಮನೆ ಅಲೆದರು.

ಸಾಫ್ಟ್‌ವೇರ್ ಎಂಬುದೂ ಗೇಣಿಯ ಗದ್ದೆಯೇ. ನಾವು ಅದರ ಒಡೆಯರಲ್ಲ. ಒಂದೇ ಸಲ ಹಣ ಕೊಟ್ಟು ಕಾಯಂ ಬಳಸುವ ಲೈಸೆನ್ಸ್ ಮೂಲಗೇಣಿಯ ಹಾಗೆ. ವರ್ಷ ವರ್ಷ ಕಟ್ಟುವ ಸಬ್‌ಸ್ಕ್ರಿಪ್ಶನ್ ಚಾಲಗೇಣಿಯ ಹಾಗೆ. ಸರ್ವರ್ ಜೊತೆಗೇ ಅಗ್ಗಕ್ಕೆ ಬರುವ ಓಇಎಂ ಲೈಸೆನ್ಸಂತೂ ಮರಕ್ಕೆ ಹಿಡಿದ ಬಂದಳಿಕೆ, ಮರ ಸತ್ತರೆ ಅದೂ ಸಾಯುತ್ತದೆ. ಹಳೆ ಸರ್ವರನ್ನು ಗುಜರಿಗೆ ಹಾಕಿ ಅದರ ವಿಂಡೋಸನ್ನು ಮಾತ್ರ ವಿಎಂ ಮಾಡಿ ಹೊಸ ಹೋಸ್ಟಿಗೆ ತಂದು ಕೂರಿಸಿದ ಸಂಸ್ಥೆಗಳು ಎಷ್ಟಿವೆಯೋ! ಕರಾರಿನ ಪ್ರಕಾರ ಅಲ್ಲಿ ಲೈಸೆನ್ಸ್ ಉಳಿದೇ ಇಲ್ಲ.

ಧಣಿ ಬದಲಾದರೆ ಏನಾಗುತ್ತದೆ ಎಂಬುದನ್ನೂ ಈಚೆಗೆ ಕಂಡಿರಿ. ಕ್ಲಸ್ಟರ್ ಕಟ್ಟುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡಿತು. ಡಿಸೆಂಬರಿನಲ್ಲೇ ಕಾಯಂ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಇನ್ನು ಮುಂದೆ ಎಲ್ಲರೂ ಚಾಲಗೇಣಿ. ಕೋರುಗಳು ಕಡಿಮೆ ಇದ್ದರೂ ಪ್ರೊಸೆಸರಿಗೆ 16ರ ಲೆಕ್ಕ. ಕ್ಲಸ್ಟರ್ ಕಟ್ಟುವ ಸಾಫ್ಟ್‌ವೇರಿಗೂ ಅದರೊಳಗಿನ ವಿಂಡೋಸಿಗೂ ಲೈಸೆನ್ಸ್ ಬೇರೆ ಬೇರೆ ಎಂಬುದು ಹಲವು ಮಂಡಳಿಗಳಿಗೆ ತಿಳಿದದ್ದೇ ಆ ಬಿಲ್ ಬಂದಾಗ.

ಇನ್ನೊಂದು ಮಾತು ಬರುತ್ತದೆ: ನಮ್ಮಂಥ ಸಣ್ಣ ಸಂಸ್ಥೆಯನ್ನು ಯಾರು ನೋಡಲಿಕ್ಕೆ ಬರುತ್ತಾರೆ? ಲೈಸೆನ್ಸಿನ ಬೀಗ ಮುರಿಯುವ ಕ್ರ್ಯಾಕ್ ಹಾಕಿದರಾಯ್ತು.

ಕಾನೂನನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಹೆದರಿಸುವುದು ನನ್ನ ಉದ್ದೇಶವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮಿನ ಪ್ರಕಾರ, ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲ ಎಂದಾದರೆ ನ್ಯಾಯಾಲಯ ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಕೋರ್ ಲೆಕ್ಕ ತಪ್ಪುವುದು ಮುಖ್ಯವಾಗಿ ಕರಾರಿನ ಜಗಳ, ಕ್ರ್ಯಾಕ್ ಹಾಕುವುದು ಈ ಕಲಮಿನ ವ್ಯವಹಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನನಗೆ ಜೈಲಿಗಿಂತ ಹೆಚ್ಚು ಹೆದರಿಕೆ ಆ ಕ್ರ್ಯಾಕ್ ಫೈಲಿನದ್ದು. ಅದನ್ನು ಓಡಿಸಿದವರಿಗೆ ಗೊತ್ತು, ಮೊದಲು ಬರುವ ಸೂಚನೆಯೇ ಆ್ಯಂಟಿವೈರಸ್ ಆಫ್ ಮಾಡಿ ಅಂತ. ಮನೆಯ ನಾಯಿಯನ್ನು ಕಟ್ಟಿಹಾಕಿ, ಹಿಂಬಾಗಿಲು ತೆರೆದಿಟ್ಟು, ಅಪರಿಚಿತನಿಗೆ ಬೀಗದ ಕೈ ಕೊಟ್ಟ ಹಾಗೆ. ಆಸ್ಪತ್ರೆಯ ರೋಗಿಗಳ ರಿಪೋರ್ಟು, ಸೊಸೈಟಿಯ ಸದಸ್ಯರ ಠೇವಣಿ ಲೆಕ್ಕ ಅದೇ ಹೋಸ್ಟಿನಲ್ಲಿರುತ್ತದೆ. ನಾಳೆ ಅಲ್ಲಿ ಕನ್ನ ಬಿದ್ದರೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಿಂದ ಆದೇಶ ಇದೆ. ಆಗ ಏನೆಂದು ಬರೆಯುತ್ತೀರಿ?

ಹಣ ಇಲ್ಲದಿದ್ದರೆ ಕಳವೇ ದಾರಿ ಎಂಬ ಮಾತಂತೂ ನಮ್ಮ ನೆಲದಲ್ಲಿ ಒಪ್ಪತಕ್ಕದ್ದಲ್ಲ. ನೀವು ದಿನವೂ ಕನ್ನಡ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ ಯಾರದ್ದು? ಕಿನ್ನಿಕಂಬಳದ ಪದ್ಮನಾಭ ರಾಯರದ್ದು, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರದ್ದು. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರುಗಳಿಗೂ ಅದೇ ತಳಹದಿ. ಅದಕ್ಕೆ ಅವರು ಯಾರಿಂದಲೂ ಗೇಣಿ ಕೇಳಲಿಲ್ಲ. ಕೊಟ್ಟದ್ದು ಅವರ ಔದಾರ್ಯ, ಅದನ್ನು ಬಳಸುವುದು ನಮ್ಮ ಹಕ್ಕಾಯಿತು. ಒಡೆಯ ಕೊಟ್ಟದ್ದನ್ನು ಉಣ್ಣುವುದಕ್ಕೂ ಕೊಡದ್ದನ್ನು ಕಿತ್ತು ತಿನ್ನುವುದಕ್ಕೂ ಇರುವ ಅಂತರವನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಹೀಗೆ ಒಡೆಯರೇ ಕೊಟ್ಟ ಸಾಫ್ಟ್‌ವೇರ್ ಸರ್ವರ್ ಲೋಕದಲ್ಲಿ ಬೇಕಾದಷ್ಟು ಉಂಟು. ಡೆಬಿಯನ್, ಉಬುಂಟು, ಆಲ್ಮಾಲಿನಕ್ಸ್ ಇವುಗಳಿಗೆ ಕೋರ್ ಎಣಿಸುವ ರಗಳೆ ಇಲ್ಲ. ಕ್ಲಸ್ಟರ್ ಕಟ್ಟಲಿಕ್ಕೇ ಪ್ರಾಕ್ಸ್‌ಮಾಕ್ಸ್ ಎಂಬುದು ಆಸ್ಟ್ರಿಯಾದಿಂದ ಬರುತ್ತದೆ. ಬಳಸಲು ದುಡ್ಡಿಲ್ಲ, ಅವರ ಸಹಾಯ ಬೇಕಾದರೆ ವರ್ಷಕ್ಕೆ ಇಂತಿಷ್ಟು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಿ ನೋಡಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ವರ್ಷಗಳಿಂದ ಲಿನಕ್ಸಿನಲ್ಲೇ ನಡೆಯುತ್ತಿದೆ. ಅವರಿಗೆ ಅದು ಕಷ್ಟ ಎಂದು ಯಾರೂ ಹೇಳಿಕೊಟ್ಟಿಲ್ಲ, ಆದ್ದರಿಂದ ಕಷ್ಟವಾಗಿಲ್ಲ. ಹಾಗೆಂದು ಎಲ್ಲವನ್ನೂ ನಾಳೆಯೇ ಲಿನಕ್ಸಿಗೆ ಬದಲಿಸಿ ಎಂದು ನಾನು ಹೇಳುವುದಿಲ್ಲ. ಹೇಳಿದವರನ್ನು ನಂಬಲೂಬೇಡಿ. ನಿಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದಿದ್ದರೆ ಅದಕ್ಕೆ ವಿಂಡೋಸೇ ಬೇಕು.

ನಮ್ಮ ಸಂಸ್ಥೆಯಲ್ಲಿ ಕೊನೆಗೆ ಏನಾಯಿತು ಎಂದು ಹೇಳದೆ ಬಿಟ್ಟರೆ ಕತೆ ಅರ್ಧವಾದೀತು. 14 ವಿಂಡೋಸ್ ವಿಎಂಗಳನ್ನೂ ಒಂದೊಂದಾಗಿ ಕೂರಿಸಿ ವಿಚಾರಿಸಿದೆವು. ಟೆಸ್ಟ್ 1, ಟೆಸ್ಟ್ ಓಲ್ಡ್, ನ್ಯೂ ಟೆಸ್ಟ್ ಎಂಬಂಥ ಹೆಸರಿನ ಐದು, ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದು ಯಾರಿಗೂ ನೆನಪಿಲ್ಲದವು. ಅವಕ್ಕೆ ಎರಡು ವಾರ ವಿದ್ಯುತ್ ಕಡಿದು ನೋಡಿದೆವು. ಒಂದು ಫೋನೂ ಬರಲಿಲ್ಲ. ಅಳಿಸಿದೆವು. ನಾಲ್ಕು ಲಿನಕ್ಸಿಗೆ ಹೋದವು, ಅವುಗಳಲ್ಲಿ ಲೈಬ್ರರಿಯದ್ದೂ ಒಂದು. ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಡೆಬಿಯನ್ ಮೇಲೆ ಸುಖವಾಗಿ ಓಡುತ್ತದೆ. ಲೈಬ್ರೇರಿಯನ್ ಮೇಡಂ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು, ಅದು ಬೇರೆ. ಉಳಿದ ಐದನ್ನು ಮೂರು ಹೋಸ್ಟುಗಳಲ್ಲಿ ಎರಡರಲ್ಲಿ ಮಾತ್ರ ಓಡುವಂತೆ ಕಟ್ಟಿಹಾಕಿದೆವು.

ಈ ಕಟ್ಟಿಹಾಕುವ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ, ನಿಮ್ಮ ಹುಡುಗರಿಗೆ ಹೇಳಿ. "ಆದಷ್ಟು ಈ ಹೋಸ್ಟಿನಲ್ಲಿರಲಿ" ಎಂಬ ನಿಯಮವೂ ಉಂಟು, "ಈ ಹೋಸ್ಟಿನಲ್ಲೇ ಇರಬೇಕು" ಎಂಬ ನಿಯಮವೂ ಉಂಟು. ಕಷ್ಟ ಬಂದಾಗ ಮೊದಲನೆಯದು ದಾಟಿಕೊಂಡು ಹೋಗುತ್ತದೆ, ಎರಡನೆಯದು ದಾಟುವುದಿಲ್ಲ. ಬೇಕಾದದ್ದು ಎರಡನೆಯದು.

ಐದು ವಿಎಂ ಅಂದರೆ ಮೂರು ಸುತ್ತು; ಹೋಸ್ಟಿಗೆ 96, ಎರಡಕ್ಕೆ 192 ಕೋರ್ ಸ್ಟ್ಯಾಂಡರ್ಡ್. ಮೊದಲೇ ಇದ್ದ 48 ಕಳೆದು ಹೊಸದಾಗಿ ಕೊಂಡದ್ದು 144. ಮೂರು ಹೋಸ್ಟಿಗೂ ಡೇಟಾಸೆಂಟರ್ ಹಾಕಿಸಿ ಎಂದು ಡೀಲರ್ ಕೊಟ್ಟಿದ್ದ ಕೊಟೇಶನ್ನಿನ ಕಾಲು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಕದಿಯದೆಯೂ ಉಳಿಸಬಹುದು ಎಂದು ನನಗೆ ಗೊತ್ತಾದದ್ದು ಹಾಗೆ. ಅದಕ್ಕೆ ಬೇಕಾದದ್ದು ಎರಡು ವಾರದ ಸಮಯ ಮತ್ತು "ಈ ವಿಎಂ ಯಾಕೆ ಬೇಕು?" ಎಂದು ವಿಭಾಗದವರನ್ನು ಕೇಳುವ ಅಧಿಕಾರ. ಸಮಯ ನನ್ನಲ್ಲಿತ್ತು. ಅಧಿಕಾರ ಕಾರ್ಯದರ್ಶಿಗಳ ಒಂದು ಸುತ್ತೋಲೆಯಿಂದ ಬಂತು.

ಅದಕ್ಕೇ ನಾನು ಈ ಪತ್ರವನ್ನು ಸರ್ವರ್ ರೂಮಿನ ಹುಡುಗರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು. ಹದಿನೈದು ಇಪ್ಪತ್ತು ಸಾವಿರ ಸಂಬಳದ ಹುಡುಗನಿಗೆ "ಹೇಗಾದರೂ ಮಾಡಿ ಹಾಕು ಮಾರಾಯಾ, ನಾಳೆ ಅಡ್ಮಿಷನ್ ಶುರು" ಎಂದು ನೀವು ಹೇಳಿದರೆ ಅವನು ಹೇಗಾದರೂ ಮಾಡಿ ಹಾಕುತ್ತಾನೆ. ನಾಳೆ ಕಾಗದ ಬಂದಾಗ "ಅವನು ಹಾಕಿದ್ದು, ನಮಗೆ ಗೊತ್ತಿಲ್ಲ" ಎನ್ನುತ್ತೀರಿ. ನಿಮ್ಮಲ್ಲಿ ಎಲ್ಲರೂ ಹಾಗಲ್ಲ, ಆದರೆ ಅಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸ ಕಳೆದುಕೊಂಡ ಹುಡುಗ ಈಗ ಬೆಂಗಳೂರಿನಲ್ಲಿ ಚೆನ್ನಾಗಿದ್ದಾನೆ ಎಂಬುದಷ್ಟೇ ಸಮಾಧಾನ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಮೊದಲು, ಖರೀದಿ ಆದೇಶದಲ್ಲಿ "ವಿಂಡೋಸ್ ಸರ್ವರ್, 3 ನಂಬರ್" ಎಂದು ಬರೆಯುವುದನ್ನು ನಿಲ್ಲಿಸಿ. ಯಾವ ಆವೃತ್ತಿ, ಎಷ್ಟು ಕೋರ್, ಯಾವ ಹೋಸ್ಟಿಗೆ, ಓಇಎಂ ಹೌದೋ ಅಲ್ಲವೋ ಎಂದು ಬರೆಸಿ. ಡೀಲರನ್ನು ಎದುರು ಕೂರಿಸಿ ಒಂದು ಪ್ರಶ್ನೆ ಕೇಳಿ: "ಒಂದು ಹೋಸ್ಟ್ ಬಿದ್ದ ರಾತ್ರಿ ಈ ಲೈಸೆನ್ಸ್ ಸಾಕಾ?" ಅವರ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಲೈಸೆನ್ಸ್ ಪೋರ್ಟಲಿನ ಖಾತೆ ಸಂಸ್ಥೆಯ ಇಮೇಲಿನಲ್ಲಿರಲಿ. ಎಷ್ಟೋ ಕಡೆ ಅದು ಕೆಲಸ ಬಿಟ್ಟು ದುಬೈಗೆ ಹೋದ ಹುಡುಗನ ಸ್ವಂತ ಜಿಮೇಲಿನಲ್ಲಿದೆ. ಅವನು ಊರಿಗೆ ಬಂದಾಗ ಒಟಿಪಿ ಕೇಳಲಿಕ್ಕೆ ಮನೆಗೆ ಹೋದವರಿದ್ದಾರೆ.

ವಿಂಡೋಸ್ ಸರ್ವರಿಗೆ ಬಂದು ಹೋಗುವ ಬಳಕೆದಾರರಿಗೂ ಕ್ಯಾಲ್ ಎಂಬ ಬೇರೆ ಲೈಸೆನ್ಸ್ ಬೇಕೆಂಬುದನ್ನು ಮರೆಯಬೇಡಿ. ಅದು ತಲೆ ಲೆಕ್ಕದಲ್ಲೂ ಸಿಗುತ್ತದೆ, ಯಂತ್ರದ ಲೆಕ್ಕದಲ್ಲೂ ಸಿಗುತ್ತದೆ. ಮೂರು ಪಾಳಿಯ ನರ್ಸುಗಳು ಒಂದೇ ಕಂಪ್ಯೂಟರ್ ಬಳಸುವ ಆಸ್ಪತ್ರೆಗೆ ಯಂತ್ರದ ಲೆಕ್ಕ ಲಾಭ. ಲ್ಯಾಪ್‌ಟಾಪ್, ಮೊಬೈಲು, ಸ್ಟಾಫ್ ರೂಮಿನ ಕಂಪ್ಯೂಟರ್ ಮೂರನ್ನೂ ಬಳಸುವ ಅಧ್ಯಾಪಕರಿಗೆ ತಲೆ ಲೆಕ್ಕ ಲಾಭ. ಕಾಲೇಜಿನವರಿಗೆ ಇನ್ನೊಂದು ಮಾತು: ಪಾಠಕ್ಕೂ ಲ್ಯಾಬಿಗೂ ಎಂದು ಸಿಕ್ಕಿದ ಬೋಧನಾ ಲೈಸೆನ್ಸುಗಳನ್ನು ಫೀಸ್ ಕೌಂಟರಿನ ಸರ್ವರಿಗೆ ಹಾಕಬೇಡಿ, ಅದಕ್ಕೆ ಅವು ಇಲ್ಲ. 180 ದಿನದ ಟ್ರಯಲ್ ಆವೃತ್ತಿಯನ್ನು ವರ್ಷಗಟ್ಟಲೆ ಎಳೆಯುವ ವಿದ್ಯೆಯನ್ನೂ ಮೆಚ್ಚಬೇಡಿ.

ಕೊನೆಯದಾಗಿ, ಒಂದು ಪುಸ್ತಕ ಇಡಿಸಿ. ಸಾದಾ ಉದ್ದ ನೋಟ್‌ಬುಕ್ ಸಾಕು. ಹೋಸ್ಟಿಗೆ ಒಂದು ಪುಟ: ಪ್ರೊಸೆಸರ್ ಎಷ್ಟು, ಕೋರ್ ಎಷ್ಟು, ಯಾವ ಲೈಸೆನ್ಸ್, ಯಾವ ಬಿಲ್, ಯಾವ ತಾರೀಕು, ಒಳಗೆ ಯಾವ ವಿಎಂ. ಹೊಸ ವಿಎಂ ಹುಟ್ಟಿದರೆ ಅಂದೇ ಒಂದು ಸಾಲು. ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಪರಿಶೋಧಕರು ಕ್ಯಾಶ್ ಬುಕ್ ನೋಡುವ ದಿನವೇ ಇದನ್ನೂ ನೋಡಿ ಸಹಿ ಹಾಕಲಿ. 1906ರಲ್ಲಿ ಒಂದು ಬ್ಯಾಂಕನ್ನೂ 1925ರಲ್ಲಿ ಇನ್ನೊಂದನ್ನೂ ಹುಟ್ಟಿಸಿದ ಊರು ಉಡುಪಿ. 1928ರಿಂದ ಪಿಗ್ಮಿ ಹುಡುಗರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತಿ, ಎರಡಾಣೆಗೂ ಚೀಟಿ ಬರೆದುಕೊಟ್ಟ ಜಿಲ್ಲೆ ಇದು. ಮೂವತ್ತೆರಡು ಕೋರಿನ ಲೆಕ್ಕ ನಮಗೆ ಹೆಚ್ಚಾಗಲಾರದು.

ವಿಂಡೋಸ್ ಸರ್ವರ್ 2016ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಕೊನೆಗೊಳ್ಳುವುದು 2027ರ ಜನವರಿ 12ಕ್ಕೆ. ಆ ಕಾಲದಲ್ಲಿ ಕೊಂಡ ಹೋಸ್ಟುಗಳು ನಿಮ್ಮಲ್ಲಿ ಹಲವರ ಬಳಿ ಇನ್ನೂ ಓಡುತ್ತಿವೆ. ಬದಲಿಸುವ ಕೊಟೇಶನ್ ನಿಮ್ಮ ಮೇಜಿಗೆ ಬಂದಿರಬಹುದು, ಇಲ್ಲದಿದ್ದರೆ ಬರುತ್ತದೆ. ಅದಕ್ಕೆ ಸಹಿ ಹಾಕುವ ಮೊದಲು ಸರ್ವರ್ ರೂಮಿನ ಹುಡುಗನನ್ನು ಒಳಗೆ ಕರೆಯಿರಿ. ಈ ಸಲ ಪ್ರೊಜೆಕ್ಟರ್ ಜೋಡಿಸಲಿಕ್ಕೆ ಬೇಡ. ಒಂದು ಕುರ್ಚಿ ಕೊಟ್ಟು ಕೂರಿಸಿಕೊಳ್ಳಿ.

ಇಂತು ತಮ್ಮ ವಿಶ್ವಾಸಿ,
ಸರ್ವರ್ ರೂಮಿನಲ್ಲಿ ದುಡಿದ ಒಬ್ಬ ನೌಕರ
ಎಲ್ಲೂರು, ಕಾಪು ತಾಲೂಕು
ಉಡುಪಿ ಜಿಲ್ಲೆ